ಕಡತಗಳು ಬರೆದಿಡದ ದಿನಚರಿ

ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯ ಬಗ್ಗೆ ನಮ್ಮಲ್ಲಿ ಬಹುತೇಕರಿಗೆ ಗೊತ್ತಿರುವುದು ಕೆಲವು ದೊಡ್ಡ ದಿನಾಂಕಗಳು ಮಾತ್ರ. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ 69 ಮಂದಿ ಬಲಿಯಾದದ್ದು, 1976ರ ಜೂನ್ 16ರಂದು ಸೊವೆಟೊದ ಶಾಲಾ ಮಕ್ಕಳು ಬೀದಿಗಿಳಿದದ್ದು, 27 ವರ್ಷಗಳ ಸೆರೆವಾಸದ ನಂತರ 1990ರ ಫೆಬ್ರುವರಿ 11ರಂದು ನೆಲ್ಸನ್ ಮಂಡೇಲಾ ಹೊರಬಂದದ್ದು - ಇವು ಚರಿತ್ರೆಯ ಪುಸ್ತಕಗಳಲ್ಲಿ ಸ್ಥಾನ ಪಡೆದ ದಿನಗಳು. ಆದರೆ 1948ರಲ್ಲಿ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂದಂದಿನಿಂದ 1994ರ ಸಾರ್ವತ್ರಿಕ ಚುನಾವಣೆಯವರೆಗೆ ಹದಿನಾರು ಸಾವಿರಕ್ಕೂ ಹೆಚ್ಚು ದಿನಗಳು ಸರಿದಿದ್ದವು. ಅವುಗಳಲ್ಲಿ ಬಹುಪಾಲು ದಿನಗಳು, ಪತ್ರಿಕೆಗಳ ಮುಖಪುಟಕ್ಕೆ ಬರುವಂಥ ಯಾವ ಘಟನೆಯೂ ಇಲ್ಲದೆ ಕಳೆದವು.

ಆ ಸಾಮಾನ್ಯ ದಿನಗಳಲ್ಲಿ ಏನು ನಡೆಯುತ್ತಿತ್ತು? ಬೆಳಿಗ್ಗೆ ಯಾವ ಬಸ್ಸಿಗೆ ಕಾಯಬೇಕು, ಅಂಚೆ ಕಚೇರಿಯ ಯಾವ ಕಿಟಕಿಯೆದುರು ನಿಲ್ಲಬೇಕು, ಉದ್ಯಾನದ ಯಾವ ಬೆಂಚಿನ ಮೇಲೆ ಕೂರಬಹುದು, ಕಾಯಿಲೆಯಾದರೆ ಯಾವ ಆಸ್ಪತ್ರೆ, ಸತ್ತರೆ ಯಾವ ಸ್ಮಶಾನ - ಇಂಥ ಪ್ರಶ್ನೆಗಳಿಗೆಲ್ಲ ಉತ್ತರ ಮೊದಲೇ ಸಿದ್ಧವಾಗಿರುತ್ತಿತ್ತು. ಆ ಉತ್ತರಗಳನ್ನು ಸಿದ್ಧಪಡಿಸಿ, ನಕಲು ತೆಗೆದು, ಸಹಿ ಹಾಕಿ, ಜಾರಿಗೆ ಕಳುಹಿಸಿದವರು ಗುಮಾಸ್ತರು, ಅಧೀಕ್ಷಕರು ಮತ್ತು ಆಯುಕ್ತರು. ಅಂದರೆ ನನ್ನ ವೃತ್ತಿಯವರು. ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಬದುಕಿದ ನನಗೆ, ಆ ವ್ಯವಸ್ಥೆಯಡಿ ಬಾಳಿದ ಸಾಮಾನ್ಯರ ನೆನಪುಗಳನ್ನು ಓದುವಾಗಲೆಲ್ಲ ಕಾಡುವುದು ಈ ಸಂಗತಿಯೇ.

ನಮ್ಮ ತಲೆಮಾರಿನವರಿಗೆ ದಕ್ಷಿಣ ಆಫ್ರಿಕಾ ಪಾಸ್‌ಪೋರ್ಟಿನ ಒಂದು ಸಾಲಿನಿಂದಲೂ ಪರಿಚಿತ. 1980ರ ದಶಕದಲ್ಲಿ ನಾನು ಪಡೆದ ಮೊದಲ ಪಾಸ್‌ಪೋರ್ಟಿನಲ್ಲಿ ಆ ದೇಶದ ಪ್ರಯಾಣಕ್ಕೆ ಇದು ಊರ್ಜಿತವಲ್ಲ ಎಂಬ ಒಕ್ಕಣೆ ಇತ್ತು. ಭಾರತವು ಸ್ವಾತಂತ್ರ್ಯಕ್ಕೂ ಮುನ್ನ, 1946ರಲ್ಲಿಯೇ, ಅದರೊಡನೆ ವಾಣಿಜ್ಯ ಸಂಬಂಧ ಕಡಿದುಕೊಂಡಿತ್ತು. ಅಲ್ಲಿನ ಭಾರತೀಯರ ಸ್ಥಿತಿಗತಿಯನ್ನು ಅದೇ ವರ್ಷ ವಿಶ್ವಸಂಸ್ಥೆಯ ಮಹಾಸಭೆಯ ಮುಂದಿಟ್ಟಿತ್ತು. ರಾಜತಾಂತ್ರಿಕ ಸಂಬಂಧ ಏರ್ಪಟ್ಟದ್ದು 1993ರ ನವೆಂಬರ್‌ನಲ್ಲಿ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಆ ದೇಶವನ್ನು ಓದಿದ್ದು ಚಿನ್ನದ ಉತ್ಪಾದನೆ, ಗಣಿ ಕಾರ್ಮಿಕರ ವಲಸೆ, ಕೂಲಿ ದರಗಳ ಕೋಷ್ಟಕಗಳ ಮೂಲಕ. ಆ ಕೋಷ್ಟಕಗಳೊಳಗಿದ್ದ ಮನುಷ್ಯರು ನನಗೆ ಸಿಕ್ಕಿದ್ದು ಬಹಳ ತಡವಾಗಿ, ಆತ್ಮಕಥೆಗಳಲ್ಲಿ. ನಿವೃತ್ತಿಯ ನಂತರ ಕೈಗೊಂಡ ಒಂದು ಪ್ರವಾಸದಲ್ಲಿ.

ಕಾಯ್ದೆಯ ಹೆಸರು, ಕಾಯ್ದೆಯ ಕೆಲಸ

ವರ್ಣಭೇದ ಆ ನೆಲದಲ್ಲಿ 1948ರಲ್ಲಿ ಹುಟ್ಟಿದ್ದಲ್ಲ. 1913ರ ಭೂ ಕಾಯ್ದೆಯೇ ಬಹುಸಂಖ್ಯಾತ ಆಫ್ರಿಕನ್ನರಿಗೆ ದೇಶದ ಭೂಮಿಯ ಸುಮಾರು ಶೇ 7ರಷ್ಟನ್ನು ಗೊತ್ತುಪಡಿಸಿತ್ತು; 1936ರಲ್ಲಿ ಆ ಮಿತಿ ಶೇ 13ರ ಆಸುಪಾಸಿಗೆ ಏರಿತು. 1948ರ ನಂತರ ಆದದ್ದೆಂದರೆ, ರೂಢಿಯಲ್ಲಿದ್ದ ತಾರತಮ್ಯವೆಲ್ಲ ಒಂದೊಂದಾಗಿ ಕಾಯ್ದೆಯ ರೂಪ ಪಡೆದು ಇಡೀ ಬದುಕನ್ನು ಆವರಿಸಿದ್ದು. 1950ರ ಜನಸಂಖ್ಯಾ ನೋಂದಣಿ ಕಾಯ್ದೆ ಪ್ರತಿಯೊಬ್ಬರನ್ನೂ ಒಂದು ಜನಾಂಗದ ಪಟ್ಟಿಗೆ ಸೇರಿಸಿತು. ಅದೇ ವರ್ಷದ ಸಮೂಹ ಪ್ರದೇಶಗಳ ಕಾಯ್ದೆ ಯಾವ ಜನಾಂಗದವರು ಎಲ್ಲಿ ವಾಸಿಸಬೇಕು, ಎಲ್ಲಿ ವ್ಯಾಪಾರ ಮಾಡಬೇಕು ಎಂಬುದನ್ನು ನಿರ್ಧರಿಸಿತು. 1953ರ ಪ್ರತ್ಯೇಕ ಸೌಲಭ್ಯಗಳ ಕಾಯ್ದೆ ಬೆಂಚು, ಬೀಚು, ಶೌಚಾಲಯ, ನಿರೀಕ್ಷಣಾ ಕೊಠಡಿಗಳನ್ನು ವಿಂಗಡಿಸಿತು. ಸೌಲಭ್ಯಗಳು ಪ್ರತ್ಯೇಕವಾಗಿದ್ದರೂ ಸಮಾನವಾಗಿರಬೇಕೆಂಬ ವಾದ ಆಗಷ್ಟೇ ನ್ಯಾಯಾಲಯದಲ್ಲಿ ಗೆದ್ದಿತ್ತು. ಹಾಗಾಗಿ, ಅವು ಸಮಾನವಾಗಿರಬೇಕಾದ ಅಗತ್ಯವಿಲ್ಲ ಎಂಬುದನ್ನೂ ಆ ಕಾಯ್ದೆಯಲ್ಲಿಯೇ ಬರೆದುಬಿಟ್ಟರು.

ಆಡಳಿತದ ಭಾಷೆ ಬಲ್ಲವರು ಈ ಕಾಯ್ದೆಗಳ ಹೆಸರುಗಳನ್ನು ಗಮನಿಸಬೇಕು. ಆಫ್ರಿಕನ್ ಗಂಡಸರೂ ಹೆಂಗಸರೂ ಸದಾ ಪಾಸ್ ಪುಸ್ತಕ ಇಟ್ಟುಕೊಂಡೇ ಓಡಾಡಬೇಕೆಂಬ ವ್ಯವಸ್ಥೆಗೆ ತಳಹದಿ ಹಾಕಿದ 1952ರ ಕಾಯ್ದೆಯ ಶೀರ್ಷಿಕೆಯಲ್ಲಿ ಇದ್ದದ್ದು ‘ಪಾಸ್‌ಗಳ ರದ್ದತಿ’ ಎಂಬ ಮಾತು. ಅಲ್ಲಿಯವರೆಗೂ ಎಲ್ಲರಿಗೂ ತೆರೆದಿದ್ದ ವಿಶ್ವವಿದ್ಯಾಲಯಗಳ ಬಾಗಿಲನ್ನು ಬಿಳಿಯರಲ್ಲದವರಿಗೆ ಮುಚ್ಚಿದ 1959ರ ಕಾಯ್ದೆಯ ಹೆಸರು ‘ವಿಶ್ವವಿದ್ಯಾಲಯ ಶಿಕ್ಷಣ ವಿಸ್ತರಣಾ ಕಾಯ್ದೆ’. ಕಡತವನ್ನು ಮಾತ್ರ ನೋಡುವವನಿಗೆ ಇದೆಲ್ಲ ಸುಧಾರಣೆಯಂತೆಯೇ ಕಾಣಿಸುತ್ತದೆ. ಆ ಕಾಯ್ದೆ ಏನು ಮಾಡಿತೆಂದು ತಿಳಿಯಬೇಕಾದರೆ ಕೌಂಟರಿನ ಆಚೆಗೆ ನಿಂತವರನ್ನೇ ಕೇಳಬೇಕು.

ಒಂದು ಪೆನ್ಸಿಲಿನ ತೀರ್ಪು

ಜನಾಂಗವನ್ನು ನಿರ್ಧರಿಸುವುದು ಹೇಗೆ? ಕಾಯ್ದೆ ಹೇಳಿದ್ದು ಮೈಬಣ್ಣ, ಚಹರೆ, ಸಮಾಜದಲ್ಲಿ ವ್ಯಕ್ತಿಯನ್ನು ಹೇಗೆ ಪರಿಗಣಿಸುತ್ತಾರೆ ಎಂಬ ಸಡಿಲ ಮಾನದಂಡಗಳನ್ನು. ಅನುಮಾನವಿದ್ದಲ್ಲಿ ಅಧಿಕಾರಿಗಳು ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರು. ಪೆನ್ಸಿಲ್ ಜಾರಿ ಬಿದ್ದರೆ ಒಂದು ವರ್ಗ, ಸಿಕ್ಕಿಕೊಂಡರೆ ಇನ್ನೊಂದು ವರ್ಗ. ಒಡಹುಟ್ಟಿದವರೇ ಬೇರೆ ಬೇರೆ ಪಟ್ಟಿಗೆ ಸೇರಿದ ಉದಾಹರಣೆಗಳಿವೆ. ಕೇಪ್‌ಟೌನ್‌ನ ಕ್ವೀನ್ ವಿಕ್ಟೋರಿಯಾ ರಸ್ತೆಯಲ್ಲಿ, ಇಂಥ ಮೇಲ್ಮನವಿಗಳ ವಿಚಾರಣೆ ನಡೆಯುತ್ತಿದ್ದ ಕಟ್ಟಡದೆದುರು, ಇಂದು ಎರಡು ಬೆಂಚುಗಳನ್ನು ಸ್ಮಾರಕವಾಗಿ ಇರಿಸಿದ್ದಾರೆ. ಒಂದರ ಮೇಲೆ ‘ಬಿಳಿಯರಿಗೆ ಮಾತ್ರ’, ಇನ್ನೊಂದರ ಮೇಲೆ ‘ಬಿಳಿಯರಲ್ಲದವರಿಗೆ ಮಾತ್ರ’ ಎಂದು ಬರೆದಿದೆ. ಪ್ರವಾಸಿಗರು ಅಲ್ಲಿ ಕುಳಿತು ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ.

ಸ್ಯಾಂಡ್ರಾ ಲೈಂಗ್ ಅವರ ಪ್ರಕರಣ ಜಗತ್ತಿಗೇ ಗೊತ್ತಿರುವಂಥದ್ದು. 1955ರಲ್ಲಿ ಬಿಳಿಯ ದಂಪತಿಗೆ ಹುಟ್ಟಿದ ಈಕೆಯ ಮೈಬಣ್ಣ ಕಂದು, ಕೂದಲು ಗುಂಗುರು. 1966ರಲ್ಲಿ ಪೊಲೀಸರು ಬಂದು ಬಿಳಿಯರ ಶಾಲೆಯಿಂದ ಆಕೆಯನ್ನು ಹೊರಗೆ ಕರೆದೊಯ್ದರು. ದಾಖಲೆಯಲ್ಲಿ ಆಕೆ ‘ಮಿಶ್ರವರ್ಣೀಯ’ಳಾದಳು. ತಂದೆ ಹೋರಾಡಿದರು. ಕಾಯ್ದೆ ತಿದ್ದುಪಡಿಯಾಗಿ, ಬಿಳಿಯ ತಂದೆತಾಯಿಯ ಮಗು ಬಿಳಿಯ ಮಗುವೇ ಎಂದಾದ ಮೇಲೆ 1967ರಲ್ಲಿ ಆಕೆ ಮತ್ತೆ ‘ಬಿಳಿಯ’ಳಾದಳು. ಮುಂದೆ ಕಪ್ಪು ವರ್ಣದ ವ್ಯಕ್ತಿಯೊಡನೆ ಬಾಳುವೆ ಕಟ್ಟಿಕೊಂಡಾಗ, ತನ್ನ ಮಕ್ಕಳೊಡನೆ ಇರಲು ಕಾನೂನು ಅಡ್ಡಿಯಾಗುತ್ತದೆಂದು, ತನ್ನನ್ನು ಮರಳಿ ‘ಮಿಶ್ರವರ್ಣೀಯ’ಳೆಂದು ನಮೂದಿಸಬೇಕೆಂದು ಆಕೆಯೇ ಅರ್ಜಿ ಸಲ್ಲಿಸಬೇಕಾಯಿತು. ಇಷ್ಟೆಲ್ಲದರ ನಡುವೆ ಆಕೆಯ ಮುಖದಲ್ಲಾಗಲೀ ಮೈಯಲ್ಲಾಗಲೀ ಯಾವ ಬದಲಾವಣೆಯೂ ಆಗಿರಲಿಲ್ಲ. ಬದಲಾದದ್ದು ನೋಂದಣಿ ಪುಸ್ತಕದ ಒಂದು ಕಲಮು.

ಆ ಕಲಮಿನ ಬೆಲೆಯನ್ನು ಅರಿತಿದ್ದವರಲ್ಲಿ ಛಾಯಾಗ್ರಾಹಕ ಅರ್ನೆಸ್ಟ್ ಕೋಲ್ ಒಬ್ಬರು. ಆಫ್ರಿಕನ್ನರಾಗಿ ಹುಟ್ಟಿದ ಅವರು ಹೆಸರಿನ ಕಾಗುಣಿತ ಬದಲಿಸಿಕೊಂಡು ‘ಮಿಶ್ರವರ್ಣೀಯ’ ಎಂದು ನೋಂದಾಯಿಸಿಕೊಂಡರು. ಹಾಗೆ ದೊರೆತ ಓಡಾಟದ ಸ್ವಾತಂತ್ರ್ಯದಿಂದಲೇ ಪಾಸ್ ತಪಾಸಣೆ, ಕಿಕ್ಕಿರಿದ ರೈಲು, ವೈದ್ಯಕೀಯ ತಪಾಸಣೆಗಾಗಿ ಬೆತ್ತಲೆ ಸಾಲುಗಟ್ಟಿ ನಿಂತ ಗಣಿ ಕಾರ್ಮಿಕರನ್ನು ಸೆರೆಹಿಡಿಯಲು ಅವರಿಗೆ ಸಾಧ್ಯವಾಯಿತು. 1966ರಲ್ಲಿ ದೇಶ ಬಿಟ್ಟ ಅವರು ಮರುವರ್ಷ ಪ್ರಕಟಿಸಿದ ‘ಹೌಸ್ ಆಫ್ ಬಾಂಡೇಜ್’ ಸ್ವದೇಶದಲ್ಲಿ ನಿಷೇಧಕ್ಕೊಳಗಾಯಿತು. ಮಂಡೇಲಾ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಕೋಲ್ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು.

ಜೇಬಿನಲ್ಲೊಂದು ಪುಸ್ತಕ

ಪಾಸ್ ಪುಸ್ತಕವನ್ನು ಜನ ‘ಡೊಂಪಾಸ್’, ಅಂದರೆ ದಡ್ಡ ಪಾಸ್, ಎಂದು ಕರೆಯುತ್ತಿದ್ದರು. ಅದರಲ್ಲಿ ಭಾವಚಿತ್ರ, ಗುರುತಿನ ಸಂಖ್ಯೆ, ತೆರಿಗೆ ಪಾವತಿ, ಮಾಲೀಕನ ಮಾಸಿಕ ಸಹಿ ಎಲ್ಲವೂ ಇರಬೇಕಿತ್ತು. ಅನುಮತಿಯಿಲ್ಲದ ಆಫ್ರಿಕನ್ನನೊಬ್ಬ ನಗರ ಪ್ರದೇಶದಲ್ಲಿ 72 ಗಂಟೆಗಿಂತ ಹೆಚ್ಚು ಕಾಲ ಉಳಿಯುವಂತಿರಲಿಲ್ಲ. ಹುಟ್ಟಿದಂದಿನಿಂದ ಅಲ್ಲಿಯೇ ಇದ್ದವರು, ಒಬ್ಬನೇ ಮಾಲೀಕನ ಬಳಿ ಸತತ ಹತ್ತು ವರ್ಷ ದುಡಿದವರು ಅಥವಾ ಹಲವರ ಬಳಿ ಹದಿನೈದು ವರ್ಷ ದುಡಿದವರಿಗಷ್ಟೇ ವಿನಾಯಿತಿ. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಕಾರ್ಮಿಕನಿಗೆ ಮಾಲೀಕನನ್ನು ಬದಲಿಸುವ ಚೌಕಾಸಿ ಶಕ್ತಿಯನ್ನೇ ಈ ನಿಯಮ ಕಿತ್ತುಕೊಂಡಿತು. ಒಂಬತ್ತು ವರ್ಷ ದುಡಿದವನು ಬೈಗುಳ ಕೇಳಿಕೊಂಡಾದರೂ ಹತ್ತನೆಯ ವರ್ಷ ಪೂರೈಸಲೇಬೇಕು. 1916ರಿಂದ 1981ರವರೆಗೆ ಪಾಸ್ ಕಾನೂನುಗಳ ಅಡಿ ಬಂಧನಕ್ಕೋ ಮೊಕದ್ದಮೆಗೋ ಒಳಗಾದವರ ಸಂಖ್ಯೆ 1 ಕೋಟಿ 70 ಲಕ್ಷವನ್ನು ಮೀರುತ್ತದೆಂಬ ಅಂದಾಜಿದೆ. ಇದನ್ನು ವಿರೋಧಿಸಿ 1956ರ ಆಗಸ್ಟ್ 9ರಂದು ಸುಮಾರು 20 ಸಾವಿರ ಮಹಿಳೆಯರು ಪ್ರಿಟೋರಿಯಾದ ಸಚಿವಾಲಯಕ್ಕೆ ಮೆರವಣಿಗೆ ಹೋದರು. ಆದರೂ ಆ ವ್ಯವಸ್ಥೆ ರದ್ದಾಗಲು 1986ರವರೆಗೆ ಕಾಯಬೇಕಾಯಿತು.

ಸಂಖ್ಯೆ ದೊಡ್ಡದಾದಷ್ಟೂ ಮನಸ್ಸಿಗೆ ತಟ್ಟುವುದು ಕಡಿಮೆ. ಜೊಹಾನ್ಸ್‌ಬರ್ಗ್‌ನ ಅಲೆಕ್ಸಾಂಡ್ರಾ ಬಡಾವಣೆಯಲ್ಲಿ 1960ರಲ್ಲಿ ಹುಟ್ಟಿದ ಮಾರ್ಕ್ ಮಥಬಾನೆ ತಮ್ಮ ‘ಕಾಫಿರ್ ಬಾಯ್’ (1986) ಆತ್ಮಕಥೆಯಲ್ಲಿ ಬೆಳಗಿನ ಜಾವದ ಪೊಲೀಸ್ ದಾಳಿಗಳನ್ನು ವಿವರಿಸಿದ್ದಾರೆ. ಪಾಸ್ ಸರಿಯಿಲ್ಲದ ತಂದೆ ಮಕ್ಕಳೆದುರೇ ಅವಮಾನಕ್ಕೊಳಗಾಗಿ ಸೆರೆಮನೆ ಸೇರುವುದು ಅಲ್ಲಿ ಬರುತ್ತದೆ. ನನ್ನಂಥವನನ್ನು ಹೆಚ್ಚು ಕಲಕಿದ್ದು ಇನ್ನೊಂದು ಭಾಗ. ಮಗನನ್ನು ಶಾಲೆಗೆ ಸೇರಿಸಲು ತಾಯಿಗೆ ಜನನ ಪ್ರಮಾಣಪತ್ರ ಬೇಕು. ಅದಕ್ಕಾಗಿ ಆಕೆ ಕಚೇರಿಯಿಂದ ಚಿಕಿತ್ಸಾಲಯಕ್ಕೆ, ಚಿಕಿತ್ಸಾಲಯದಿಂದ ಕಚೇರಿಗೆ ತಿಂಗಳುಗಟ್ಟಲೆ ಅಲೆಯುತ್ತಾಳೆ. ಇವರು ಅವರ ಕಾಗದ ಕೇಳುತ್ತಾರೆ, ಅವರು ಇವರ ಕಾಗದ ಕೇಳುತ್ತಾರೆ. ಆ ಕಚೇರಿಯ ದಾಖಲೆಗಳಲ್ಲಿ ಇದು ‘ಅಗತ್ಯ ದಾಖಲೆಗಳಿಲ್ಲದ ಕಾರಣ ಅರ್ಜಿ ಹಿಂದಿರುಗಿಸಲಾಗಿದೆ’ ಎಂಬ ಷರಾ ಆಗಿ ಉಳಿದಿರಬಹುದು. ನಸುಕಿನಲ್ಲೇ ಎದ್ದು ಮಗುವಿನ ಕೈಹಿಡಿದು ಸರದಿಯಲ್ಲಿ ನಿಂತವಳ ಕಾಲುನೋವಿಗೆ ಯಾವ ಕಡತದಲ್ಲಿಯೂ ಜಾಗವಿಲ್ಲ.

ದೂರವೆಂಬ ತೆರಿಗೆ

ಸಮೂಹ ಪ್ರದೇಶಗಳ ಕಾಯ್ದೆಯ ಪರಿಣಾಮವನ್ನು ತಿಳಿಯಬೇಕಾದರೆ ಕೇಪ್‌ಟೌನ್‌ನ ‘ಡಿಸ್ಟ್ರಿಕ್ಟ್ ಸಿಕ್ಸ್’ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಬಂದರಿಗೂ ನಗರಕೇಂದ್ರಕ್ಕೂ ಸಮೀಪವಿದ್ದ, ಮುಸ್ಲಿಮರು, ಕ್ರೈಸ್ತರು, ಯೆಹೂದಿಗಳು, ಭಾರತೀಯರು, ಆಫ್ರಿಕನ್ನರು ಬೆರೆತು ಬಾಳಿದ್ದ ಆ ಬಡಾವಣೆಯನ್ನು 1966ರ ಫೆಬ್ರುವರಿ 11ರಂದು ಬಿಳಿಯರ ಪ್ರದೇಶವೆಂದು ಘೋಷಿಸಲಾಯಿತು. ಮುಂದಿನ ಒಂದೂವರೆ ದಶಕದಲ್ಲಿ 60 ಸಾವಿರದಷ್ಟು ಜನರನ್ನು ಮರಳುಗಾಡಿನಂಥ ಕೇಪ್ ಫ್ಲ್ಯಾಟ್ಸ್‌ಗೆ ಸಾಗಿಸಿ ಮನೆಗಳನ್ನು ನೆಲಸಮ ಮಾಡಲಾಯಿತು. 1994ರ ಡಿಸೆಂಬರ್‌ನಲ್ಲಿ ಹಳೆಯ ಮೆಥಡಿಸ್ಟ್ ಚರ್ಚೊಂದರಲ್ಲಿ ಆರಂಭವಾದ ಈ ವಸ್ತುಸಂಗ್ರಹಾಲಯದ ನೆಲದ ಮೇಲೆ ಆ ಬಡಾವಣೆಯ ದೊಡ್ಡ ನಕಾಶೆಯಿದೆ. ಹಿಂದಿನ ನಿವಾಸಿಗಳು ಬಂದು ತಮ್ಮ ಮನೆ ಇದ್ದ ಜಾಗದಲ್ಲಿ ಹೆಸರು ಬರೆದಿದ್ದಾರೆ. ಕಟ್ಟಡ ಕೆಡಹುವವರ ಮೇಲ್ವಿಚಾರಕನೊಬ್ಬ ಸಮುದ್ರಕ್ಕೆಸೆಯದೆ ತನ್ನಲ್ಲೇ ಉಳಿಸಿಕೊಂಡಿದ್ದ ರಸ್ತೆಯ ನಾಮಫಲಕಗಳು ಅಲ್ಲಿ ತೂಗುತ್ತಿವೆ.

ಆ ಸಂಗ್ರಹಾಲಯದ ಸ್ಥಾಪಕರಲ್ಲೊಬ್ಬರಾದ ನೂರ್ ಇಬ್ರಾಹಿಂ ಹೇಳುತ್ತಿದ್ದ ಪಾರಿವಾಳಗಳ ಕಥೆ ಪ್ರಸಿದ್ಧ. ಹೊಸ ಜಾಗಕ್ಕೆ ಹೋಗುವಾಗ ಅವರು ತಾವು ಸಾಕಿದ್ದ ಪಾರಿವಾಳಗಳನ್ನೂ ಒಯ್ದರು. ಕೆಲವು ತಿಂಗಳು ಗೂಡಿನಲ್ಲೇ ಇರಿಸಿ, ರೂಢಿಯಾಗಿರಬೇಕೆಂದು ಒಂದು ದಿನ ಹಾರಲು ಬಿಟ್ಟರು. ಸಂಜೆ ಒಂದೂ ಮರಳಲಿಲ್ಲ. ಮರುದಿನ ಕೆಲಸಕ್ಕೆ ಹೋಗುವ ದಾರಿಯಲ್ಲಿ, ಕೆಡವಿದ ತಮ್ಮ ಹಳೆಯ ಮನೆಯ ಬಯಲಿನಲ್ಲಿ ಅವೆಲ್ಲ ಕುಳಿತಿರುವುದನ್ನು ಕಂಡರಂತೆ.

ನಾನು ಹೋದ ದಿನ ಆ ನಕಾಶೆಯ ಬಳಿ ವೃದ್ಧೆಯೊಬ್ಬರು ಮೊಮ್ಮಗಳಿಗೆ ಬೆರಳಿಟ್ಟು ತೋರಿಸುತ್ತಿದ್ದರು: ಇಲ್ಲಿ ಬೇಕರಿ, ಇಲ್ಲಿ ಮಸೀದಿ, ಇಲ್ಲಿ ನಮ್ಮ ಮೆಟ್ಟಿಲು. ಮಾತು ಬೆಳೆದು ನಾನು ನಿವೃತ್ತ ಸರ್ಕಾರಿ ಅಧಿಕಾರಿಯೆಂದು ಹೇಳಿದಾಗ ಅವರು ನಕ್ಕರು. ‘ನಮಗೆ ಬಂದ ಪತ್ರ ಬಹಳ ಸಭ್ಯವಾಗಿತ್ತು. ಕೊನೆಯಲ್ಲಿ ‘ತಮ್ಮ ವಿಧೇಯ ಸೇವಕ’ ಎಂದಿತ್ತು. ನಿಮ್ಮಲ್ಲೂ ಹಾಗೆಯೇ ಬರೆಯುತ್ತೀರಾ?’ ಎಂದು ಕೇಳಿದರು. ಹೌದು, ಬಹಳ ಕಾಲ ನಾವೂ ಹಾಗೆಯೇ ಬರೆಯುತ್ತಿದ್ದೆವು ಎಂದೆ. ಅವರ ಧ್ವನಿಯಲ್ಲಿ ದ್ವೇಷವಿರಲಿಲ್ಲ. ಹೊಸ ಮನೆಗೆ ಬಂದ ಮೇಲೆ ತಂದೆ ಕೆಲಸಕ್ಕೆ ಹೋಗಿಬರಲು ಎರಡು ಬಸ್ಸು, ಒಂದು ರೈಲು ಹಿಡಿಯಬೇಕಾಯಿತು, ರಾತ್ರಿಯ ಊಟಕ್ಕೆ ಅವರು ಜೊತೆಗಿರುವುದೇ ನಿಂತುಹೋಯಿತು ಎಂದಷ್ಟೇ ಹೇಳಿದರು.

ದೂರ ಎಂಬುದೂ ಒಂದು ತೆರಿಗೆ. ಅದನ್ನು ಹಣದಲ್ಲಿಯೂ ನಿದ್ದೆಯಲ್ಲಿಯೂ ತೆರಬೇಕಾಗುತ್ತದೆ. ಛಾಯಾಗ್ರಾಹಕ ಡೇವಿಡ್ ಗೋಲ್ಡ್‌ಬ್ಲಾಟ್ 1980ರ ದಶಕದಲ್ಲಿ ಕ್ವಾನ್‌ಡೆಬೆಲೆ ಎಂಬ ‘ತಾಯ್ನಾಡಿ’ನಿಂದ ಪ್ರಿಟೋರಿಯಾಕ್ಕೆ ಹೋಗುವ ಕಾರ್ಮಿಕರೊಡನೆ ಪಯಣಿಸಿ ಚಿತ್ರಗಳನ್ನು ತೆಗೆದರು. ಬೆಳಗಿನ ಜಾವ ಎರಡು-ಮೂರು ಗಂಟೆಗೆ ಬಸ್ಸು ಹತ್ತಿದವರು, ಸೀಟಿನಲ್ಲಿ, ನಡುವಿನ ಓಣಿಯಲ್ಲಿ, ಒಬ್ಬರಿಗೊಬ್ಬರು ಒರಗಿ ನಿದ್ರಿಸುತ್ತಿರುವ ಚಿತ್ರಗಳವು. ಕಾರ್ಮಿಕ ಬೇಕು, ಆದರೆ ಆತ ನೆರೆಯವನಾಗಬಾರದು ಎಂಬ ನೀತಿಯನ್ನು ಉಳಿಸಿಕೊಳ್ಳಲು ಸರ್ಕಾರ ಆ ಬಸ್ಸುಗಳಿಗೆ ಸಹಾಯಧನ ನೀಡುತ್ತಿತ್ತು. ಸರ್ಪ್ಲಸ್ ಪೀಪಲ್ ಪ್ರಾಜೆಕ್ಟ್ ಎಂಬ ಅಧ್ಯಯನ ತಂಡದ ಲೆಕ್ಕದಂತೆ 1960ರಿಂದ 1983ರವರೆಗೆ ಹೀಗೆ ಬಲವಂತವಾಗಿ ಸ್ಥಳಾಂತರಗೊಂಡವರು ಸುಮಾರು 35 ಲಕ್ಷ.

ಅಡುಗೆಮನೆಯವರೆಗೆ ಬಂದವರು

ಜನಾಂಗಗಳನ್ನು ಪ್ರತ್ಯೇಕಿಸಲು ಹೊರಟ ಈ ವ್ಯವಸ್ಥೆ ಬಿಳಿಯರ ಮನೆಯೊಳಗಣ ಕೆಲಸಕ್ಕೆ ಮಾತ್ರ ಕಪ್ಪು ಮಹಿಳೆಯರನ್ನೇ ನೆಚ್ಚಿಕೊಂಡಿತ್ತು. ಅಡುಗೆ ಮಾಡುವವಳು, ಹಾಸಿಗೆ ಹಾಸುವವಳು, ಮಗುವನ್ನು ಬೆನ್ನಿಗೆ ಕಟ್ಟಿ ಮಲಗಿಸುವವಳು ಅವಳೇ. ಆದರೆ ಅವಳ ತಟ್ಟೆ-ಲೋಟ ಬೇರೆ, ಹಿತ್ತಲಿನ ಕೋಣೆ ಬೇರೆ. ಅವಳ ಗಂಡ ಅಲ್ಲಿ ರಾತ್ರಿ ತಂಗುವುದು ಅಪರಾಧ. ಶಿಕ್ಷಕಿಯಾಗಿ ತರಬೇತಿ ಪಡೆದಿದ್ದ ಸಿಂದಿವೆ ಮಗೋನಾ ಕೆಲಸ ಕಳೆದುಕೊಂಡು ಕೇಪ್‌ಟೌನ್‌ನಲ್ಲಿ ಮನೆಗೆಲಸಕ್ಕೆ ನಿಂತರು. ಅವರ ‘ಟು ಮೈ ಚಿಲ್ಡ್ರನ್ಸ್ ಚಿಲ್ಡ್ರನ್’ (1990) ಕೃತಿಯು ಅಜ್ಜಿಯೊಬ್ಬಳು ಮುಂದಿನ ಪೀಳಿಗೆಗೆ ಹೇಳುವ ಕಥನದ ರೂಪದಲ್ಲಿದೆ. ಅನ್ಯರ ಮಕ್ಕಳನ್ನು ಸಾಕಲು ತನ್ನ ಮಕ್ಕಳನ್ನು ಬಿಟ್ಟುಬರುವ ತಾಯಿಯ ಸ್ಥಿತಿ ಅಂದಿನ ಸಾವಿರಾರು ಮನೆಗಳ ದಿನಚರಿಯಾಗಿತ್ತು. ‘ಬ್ಲ್ಯಾಕ್ ಸ್ಯಾಶ್’ ಎಂಬ ಸಂಘಟನೆಯ ಬಿಳಿಯ ಮಹಿಳೆಯರು ಪಾಸ್ ತೊಡಕಿಗೆ ಸಿಲುಕಿದವರಿಗಾಗಿ ಸಲಹಾ ಕೇಂದ್ರಗಳನ್ನು ನಡೆಸುತ್ತಿದ್ದರೆಂಬುದನ್ನೂ ಇಲ್ಲಿ ನೆನೆಯಬೇಕು. ಅದೇ ಕಾಯ್ದೆ, ಅದೇ ನಮೂನೆಗಳು. ಅವುಗಳನ್ನು ಮನುಷ್ಯರ ಪರವಾಗಿ ಓದುವವರೂ ಇದ್ದರು.

ಇಂದಿನ ಯುವಕರಿಗೆ ಹಾಸ್ಯಗಾರ ಟ್ರೆವರ್ ನೋವಾ ಪರಿಚಿತ. 1984ರಲ್ಲಿ ಷೋಸಾ ತಾಯಿಗೂ ಸ್ವಿಸ್ ತಂದೆಗೂ ಹುಟ್ಟಿದ ಅವರ ಅಸ್ತಿತ್ವವೇ ಅಪರಾಧಕ್ಕೆ ಸಾಕ್ಷ್ಯವಾಗಿತ್ತು. ಜನಾಂಗಗಳ ನಡುವಿನ ಸಂಬಂಧವನ್ನು ನಿಷೇಧಿಸಿದ್ದ ಕಾನೂನು ರದ್ದಾದದ್ದು 1985ರಲ್ಲಿ. ಉದ್ಯಾನಕ್ಕೆ ಹೋಗುವಾಗ ಮಗುವಿನ ಬಣ್ಣಕ್ಕೆ ಹೊಂದುವ ನೆರೆಯಾಕೆಯನ್ನು ತಾಯಿಯಂತೆ ನಡೆಯಲು ಹೇಳಿ, ಹೆತ್ತ ತಾಯಿ ಆಳಿನಂತೆ ಹಿಂದೆ ಬರುತ್ತಿದ್ದಳೆಂದು ಅವರು 2016ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ನಗಿಸುತ್ತಲೇ ಹೇಳಿದ ಈ ಪ್ರಸಂಗವನ್ನು ಓದಿ ಮುಗಿಸಿದ ಮೇಲೆ ನಗು ಉಳಿಯುವುದಿಲ್ಲ.

ಮೆಟ್ಟಿಲುಗಳ ಲೆಕ್ಕ

ಭಾರತೀಯ ಓದುಗರು ಗಮನಿಸಲೇಬೇಕಾದ ಇನ್ನೊಂದು ಅಂಶವಿದೆ. ಈ ವ್ಯವಸ್ಥೆಯಲ್ಲಿ ಕೇವಲ ಎರಡು ಗುಂಪುಗಳಿರಲಿಲ್ಲ. ಬಿಳಿಯರು ಮೇಲೆ, ಆಫ್ರಿಕನ್ನರು ಕೆಳಗೆ. ನಡುವೆ ಭಾರತೀಯರು ಮತ್ತು ಮಿಶ್ರವರ್ಣೀಯರು. 1970ರ ದಶಕದ ಮಧ್ಯಭಾಗದಲ್ಲಿ ಸರ್ಕಾರ ವರ್ಷಕ್ಕೆ ಒಬ್ಬ ಬಿಳಿಯ ವಿದ್ಯಾರ್ಥಿಗೆ 644 ರಾಂಡ್, ಭಾರತೀಯ ವಿದ್ಯಾರ್ಥಿಗೆ 189, ಮಿಶ್ರವರ್ಣೀಯ ವಿದ್ಯಾರ್ಥಿಗೆ 139, ಆಫ್ರಿಕನ್ ವಿದ್ಯಾರ್ಥಿಗೆ 42 ರಾಂಡ್ ವೆಚ್ಚ ಮಾಡುತ್ತಿತ್ತು. ಭಾರತೀಯರೂ ಮನೆ-ಅಂಗಡಿಗಳನ್ನು ಕಳೆದುಕೊಂಡು ಡರ್ಬನ್‌ನ ಚಾಟ್ಸ್‌ವರ್ತ್, ಫೀನಿಕ್ಸ್‌ನಂಥ ಬಡಾವಣೆಗಳಿಗೆ ಹೋಗಬೇಕಾಯಿತು. ಆದರೂ ಅವರ ಕೆಳಗೊಂದು ಮೆಟ್ಟಿಲಿತ್ತು. ಕೆಳಗಿನವನಿಗಿಂತ ತಾನು ಮೇಲೆಂಬ ಸಮಾಧಾನವನ್ನು ಹಂಚಿಕೊಟ್ಟು, ತುಳಿತಕ್ಕೊಳಗಾದವರೆಲ್ಲ ಒಂದಾಗದಂತೆ ನೋಡಿಕೊಳ್ಳುವುದು ಆಳುವವರ ಹಳೆಯ ಜಾಣ್ಮೆ.

ಈ ಮೆಟ್ಟಿಲು ಸೆರೆಮನೆಯೊಳಗೂ ಇತ್ತು. 1964ರಲ್ಲಿ ಮಂಡೇಲಾ ಅವರೊಡನೆ ಜೀವಾವಧಿ ಶಿಕ್ಷೆಗೆ ಗುರಿಯಾಗಿ ರಾಬೆನ್ ದ್ವೀಪಕ್ಕೆ ಹೋದ ಅಹ್ಮದ್ ಕಥ್ರಾಡ ಆ ತಂಡದ ಏಕೈಕ ಭಾರತೀಯ ಮೂಲದವರು. ತಂಡದಲ್ಲಿ ಕಿರಿಯರೂ ಹೌದು. ಅವರಿಗೆ ಉದ್ದ ಷರಾಯಿ ಸಿಕ್ಕಿತು. ವಯಸ್ಸಿನಲ್ಲಿ ಹಿರಿಯರಾದ ಮಂಡೇಲಾ, ವಾಲ್ಟರ್ ಸಿಸುಲು ಅವರಿಗೆ ಸಿಕ್ಕಿದ್ದು ಹುಡುಗರು ತೊಡುವಂಥ ಚಡ್ಡಿ. ಆಹಾರದ ಪಟ್ಟಿಯ ಪ್ರಕಾರ ಭಾರತೀಯ ಮತ್ತು ಮಿಶ್ರವರ್ಣೀಯ ಕೈದಿಗಳಿಗೆ ಬ್ರೆಡ್ಡು, ಜಾಮು ಇತ್ತು, ಆಫ್ರಿಕನ್ನರಿಗೆ ಇರಲಿಲ್ಲ. ದೇಶವನ್ನು ಅಲುಗಾಡಿಸಿದರೆಂದು ಸೆರೆ ಸೇರಿದವರ ತಟ್ಟೆಗೂ ಒಬ್ಬ ಗುಮಾಸ್ತ ಔನ್ಸುಗಳ ಲೆಕ್ಕದಲ್ಲಿ ಜನಾಂಗವನ್ನು ಅಳೆದು ಬಡಿಸಿದ್ದ. ಈ ತಾರತಮ್ಯ ಹೋಗಲು ಕೈದಿಗಳು ಹಲವು ವರ್ಷ ಹೋರಾಡಬೇಕಾಯಿತು.

ಆಯೋಗದ ವ್ಯಾಪ್ತಿಯ ಹೊರಗೆ

ವರ್ಣಭೇದ ಅಳಿದ ಮೇಲೆ ದಕ್ಷಿಣ ಆಫ್ರಿಕಾ ಸತ್ಯ ಮತ್ತು ಸಂಧಾನ ಆಯೋಗವನ್ನು ರಚಿಸಿತು. 1996ರ ಏಪ್ರಿಲ್‌ನಲ್ಲಿ ಬಹಿರಂಗ ವಿಚಾರಣೆ ಆರಂಭಿಸಿದ ಆ ಆಯೋಗ 21 ಸಾವಿರಕ್ಕೂ ಹೆಚ್ಚು ಸಂತ್ರಸ್ತರ ಹೇಳಿಕೆಗಳನ್ನು ದಾಖಲಿಸಿದ್ದು ಜಗತ್ತಿಗೇ ಮಾದರಿಯಾದ ಕಾರ್ಯ. ಆದರೆ ಅದರ ವ್ಯಾಪ್ತಿಯಲ್ಲಿದ್ದದ್ದು ಕೊಲೆ, ಅಪಹರಣ, ಚಿತ್ರಹಿಂಸೆ, ತೀವ್ರ ದೌರ್ಜನ್ಯಗಳು. ಪಾಸ್ ಇಲ್ಲವೆಂದು ಬಂಧನವಾದ ಲಕ್ಷಾಂತರ ಮಂದಿ, ಮನೆ ಕಳೆದುಕೊಂಡ 35 ಲಕ್ಷ ಮಂದಿ, 42 ರಾಂಡಿನ ಶಾಲೆಯಲ್ಲಿ ಓದಿದ ಮಕ್ಕಳು ಆ ವ್ಯಾಖ್ಯೆಯಲ್ಲಿ ಬಹುಮಟ್ಟಿಗೆ ‘ಸಂತ್ರಸ್ತ’ರಾಗಲಿಲ್ಲ. ವಿದ್ವಾಂಸ ಮಹಮೂದ್ ಮಮ್ದಾನಿ ಈ ಮಿತಿಯನ್ನು ತೀಕ್ಷ್ಣವಾಗಿ ಟೀಕಿಸಿದ್ದಾರೆ. ಆಗ ನಡೆದದ್ದೆಲ್ಲ ಅಂದಿನ ಕಾನೂನಿನ ಪ್ರಕಾರವೇ ನಡೆದಿತ್ತು. ಕಾನೂನುಬದ್ಧವಾಗಿ ಆದ ಅನ್ಯಾಯಕ್ಕೆ ಆರೋಪಿ ಯಾರು? ಆ ಪ್ರಶ್ನೆಗೆ ಯಾವ ನ್ಯಾಯಪೀಠದ ಮುಂದೆಯೂ ಉತ್ತರ ಸಿಗದಿರುವಾಗ, ಆ ಬದುಕಿನ ಸಾಕ್ಷ್ಯವಾಗಿ ಉಳಿಯುವುದು ಬಾಳಿದವರ ನೆನಪು ಮಾತ್ರ.

ನೆನಪು ನಂಬಲರ್ಹವೇ ಎಂದು ಆಡಳಿತಗಾರರು ಕೇಳುವುದು ಸಹಜ. ಅದು ದಿನಾಂಕ ತಪ್ಪುತ್ತದೆ, ಕೆಲವೊಮ್ಮೆ ಹಳೆಯದನ್ನು ಚೆಂದಗಾಣಿಸುತ್ತದೆ. ಇತಿಹಾಸಕಾರ ಜೇಕಬ್ ಡ್ಲಮಿನಿ ‘ನೇಟಿವ್ ನೊಸ್ಟಾಲ್ಜಿಯಾ’ (2009) ಕೃತಿಯಲ್ಲಿ, ಕಟ್ಲೆಹಾಂಗ್ ಬಡಾವಣೆಯ ತಮ್ಮ ಬಾಲ್ಯವನ್ನು ಪ್ರೀತಿಯಿಂದ ನೆನೆಯುತ್ತಾರೆ. ವರ್ಣಭೇದದಡಿ ಬಾಲ್ಯ ಹಿತವಾಗಿತ್ತೆಂದರೆ ವರ್ಣಭೇದ ಹಿತವಾಗಿತ್ತೆಂದು ಅರ್ಥವಲ್ಲ ಎಂಬುದು ಅವರ ನಿಲುವು. ಮದುವೆ, ರೇಡಿಯೊ, ನೆರೆಹೊರೆ, ಹಾಡು, ಜಗಳ ಎಲ್ಲವೂ ಅಲ್ಲಿದ್ದವು. ಇದು ವ್ಯವಸ್ಥೆಯ ಸಮರ್ಥನೆ ಅಲ್ಲ. ಅದನ್ನು ಸಹಿಸಿ ಬಾಳಿದವರ ಘನತೆಯ ದಾಖಲೆ. ಕಡತಕ್ಕೆ ಅವರು ಸಂಖ್ಯೆಗಳಾಗಿದ್ದರು. ನೆನಪಿನಲ್ಲಷ್ಟೇ ಅವರು ನೆರೆಹೊರೆಯವರು.

ನಮ್ಮ 1950

1950ನೇ ಇಸವಿ ಎರಡು ದೇಶಗಳಲ್ಲಿ ಎರಡು ಬಗೆಯಾಗಿತ್ತು. ದಕ್ಷಿಣ ಆಫ್ರಿಕಾ ತನ್ನ ಪ್ರಜೆಗಳನ್ನು ಜನಾಂಗದ ಪಟ್ಟಿಗೆ ಹಂಚಿದ ವರ್ಷವೇ ನಮ್ಮ ಸಂವಿಧಾನ ಜಾರಿಗೆ ಬಂದಿತು. ಅದರ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿತು. 15ನೇ ವಿಧಿಯ ಎರಡನೆಯ ಖಂಡ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಹೆಸರಿಸಿ, ಅಲ್ಲಿ ಯಾರನ್ನೂ ತಡೆಯಬಾರದೆಂದಿತು. ಅಪಮಾನ ನಡೆಯುವುದು ನಿತ್ಯದ ತಾಣಗಳಲ್ಲಿ ಎಂಬುದನ್ನು ಅದನ್ನು ಬರೆದವರು ಚೆನ್ನಾಗಿ ಬಲ್ಲವರಾಗಿದ್ದರು. ಜಾತಿಯೂ ವರ್ಣವೂ ಒಂದೇ ಅಲ್ಲ. 2001ರಲ್ಲಿ ಡರ್ಬನ್‌ನಲ್ಲಿ ನಡೆದ ಜನಾಂಗೀಯ ತಾರತಮ್ಯ ವಿರೋಧಿ ಸಮ್ಮೇಳನದಲ್ಲಿ ಈ ಕುರಿತು ಬಿಸಿಬಿಸಿ ಚರ್ಚೆಯೂ ನಡೆಯಿತು. ಆದರೆ ಬೇರೆ ಇಟ್ಟ ಲೋಟದ ಅರ್ಥವನ್ನು ಕನ್ನಡದ ಓದುಗರಿಗೆ ಯಾರೂ ವಿವರಿಸಬೇಕಾಗಿಲ್ಲ. ಸಿದ್ದಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ನಮ್ಮ ಕಡತಗಳು ಬರೆಯದ ದಿನಚರಿಯನ್ನು ಬರೆದಿವೆ.

ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ನಾನು ಸಹಿ ಮಾಡಿದ ಜಾತಿ ಪ್ರಮಾಣಪತ್ರಗಳಿಗೆ ಲೆಕ್ಕವಿಲ್ಲ. ಅಲ್ಲಿಯೂ ನಮೂನೆ, ಕಲಮು, ಮೊಹರು ಇದ್ದವು. ಅನ್ಯಾಯವನ್ನು ಸರಿಪಡಿಸಲು ವರ್ಗೀಕರಿಸುವುದಕ್ಕೂ ಅನ್ಯಾಯ ಮಾಡಲು ವರ್ಗೀಕರಿಸುವುದಕ್ಕೂ ಅಜಗಜಾಂತರವಿದೆ. ಇಂದಿನ ದಕ್ಷಿಣ ಆಫ್ರಿಕಾವೂ ಉದ್ಯೋಗ ಸಮಾನತೆಯ 1998ರ ಕಾಯ್ದೆಗಾಗಿ ಜನಾಂಗದ ವಿವರ ಕೇಳುತ್ತದೆ. ಆದರೆ ಕಾಗದಕ್ಕೆ ಈ ಅಂತರ ತಿಳಿಯದು. ಅದನ್ನು ಕಾಯಬೇಕಾದದ್ದು ಕೌಂಟರಿನ ಒಳಗೆ ಕುಳಿತವರ ವಿವೇಕ. ಆಡಳಿತ ತರಬೇತಿಯಲ್ಲಿ ನಿಯಮ ಪುಸ್ತಕಗಳ ಜೊತೆಗೆ ಇಂಥ ಒಂದೆರಡು ಆತ್ಮಕಥೆಗಳನ್ನೂ ಓದಿಸಿದರೆ ಹೊಸ ಅಧಿಕಾರಿಗಳಿಗೆ ತಮ್ಮ ಸಹಿಯ ತೂಕ ತಿಳಿದೀತು.

ಕಾಯ್ದೆಗಳು ರದ್ದಾಗಿ ದಶಕಗಳು ಕಳೆದಿವೆ. ಜನಸಂಖ್ಯಾ ನೋಂದಣಿ ಕಾಯ್ದೆಯೂ ಸಮೂಹ ಪ್ರದೇಶಗಳ ಕಾಯ್ದೆಯೂ 1991ರಲ್ಲಿ ಹೋದವು. ಆದರೆ ಅವು ಎಳೆದ ಗೆರೆಗಳು ನಗರಗಳ ನಕಾಶೆಯಲ್ಲಿ ಉಳಿದಿವೆ. ಬಡವರು ಇಂದಿಗೂ ದೂರದಿಂದಲೇ ಕೆಲಸಕ್ಕೆ ಬರುತ್ತಾರೆ. ವಿಶ್ವಬ್ಯಾಂಕ್ ಪ್ರಕಟಿಸಿದ 2014ರ ಅಂಕಿ ಅಂಶದಂತೆ ಆ ದೇಶದ ಆದಾಯ ಅಸಮಾನತೆಯ ಗಿನಿ ಸೂಚ್ಯಂಕ 0.63, ಜಗತ್ತಿನಲ್ಲೇ ಅತ್ಯಧಿಕ. ಅದರ ಕಾರಣವನ್ನು ಬಲ್ಲವರು ವಯಸ್ಸಾಗುತ್ತಿದ್ದಾರೆ. 1976ರಲ್ಲಿ ಹದಿನೈದರ ಹರೆಯದಲ್ಲಿದ್ದವರು ಅರವತ್ತು ದಾಟಿದ್ದಾರೆ. ಪಾಸ್ ಪುಸ್ತಕ ಹೊತ್ತು ಸಂಸಾರ ನಡೆಸಿದವರಲ್ಲಿ ಅನೇಕರು ಈಗಿಲ್ಲ. ಅಲ್ಲಿನ ವಸ್ತುಸಂಗ್ರಹಾಲಯಗಳು ಅವರ ಮಾತನ್ನು ಧ್ವನಿಮುದ್ರಿಸಿ ಇಡುತ್ತಿವೆ. ನಮ್ಮ ಹಳ್ಳಿಗಳಲ್ಲಿಯೂ ಶಾಲೆಯ ಹೊರಗೆ ಕುಳಿತು ಪಾಠ ಕೇಳಿದ, ಬಾವಿಯ ಬಳಿ ಯಾರಾದರೂ ನೀರು ಹಾಕುವರೆಂದು ಕಾದು ನಿಂತ ಹಿರಿಯರಿದ್ದಾರೆ. ವಿಶ್ವವಿದ್ಯಾಲಯಗಳು, ಗ್ರಂಥಾಲಯಗಳು, ಶಾಲಾ ಮಕ್ಕಳು ಕೂಡಾ ಅವರ ಬಳಿ ಕುಳಿತು ಆ ದಿನಗಳ ವಿವರವನ್ನು ಬರೆದಿಟ್ಟುಕೊಳ್ಳಬಹುದು. ಅದಕ್ಕೆ ಸರ್ಕಾರಿ ಆದೇಶವೇನೂ ಬೇಕಾಗಿಲ್ಲ.